ಮೊದಲು ಮುಟ್ಟಿದನು, ಆಮೇಲೆ ಮಾತಾಡಿದನು

ಕೂತ್ಕೊಳ್ಳಿ ಪ್ರಿಯರೇ. ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಇದೆ.

ಮಾರ್ಕನ ಸುವಾರ್ತೆ, 1ನೇ ಅಧ್ಯಾಯ, 40ನೇ ವಚನದಿಂದ 45ರವರೆಗೆ. ಮೊಬೈಲಲ್ಲಿ ತೆಗೆಯೋರು ತೆಗೀರಿ, ಆದರೆ ಬೇರೆ ಕಡೆ ಹೋಗಬೇಡಿ. ಒಬ್ಬ ಕುಷ್ಠರೋಗಿ ಯೇಸುವಿನ ಹತ್ತಿರ ಬಂದು ಮೊಣಕಾಲೂರಿ ಬೇಡಿಕೊಂಡದ್ದು. ಸಂಡೇ ಸ್ಕೂಲಿಂದ ಕೇಳಿದ್ದೀರಿ. ನಾನೂ ಈ ವಾಕ್ಯದ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೀನಿ, ಪ್ರತಿ ಸಲವೂ ಕೊನೆಗೆ ‘ಸ್ವಸ್ಥತೆ ಇವತ್ತೇ ಇದೆ, ಆಮೆನ್ ಹೇಳಿ’ ಅಂತ ಮುಗಿಸಿದ್ದೀನಿ. ಇವತ್ತು ಹಾಗೆ ಮುಗಿಸಲ್ಲ. ಈ ವಾಕ್ಯ ನನಗೆ ಹೊಸದಾಗಿ ತೆರೆದದ್ದು ಉಪವಾಸ ಕೂಟದಲ್ಲಲ್ಲ. ಹಿರೇಕೆರೂರಿನ ಕೆರೆ ದಂಡೆ ಮೇಲೆ, ಒಂದು ಕಿವಿಯಲ್ಲಿ ಡೆತ್ ಮೆಟಲ್ ಇಟ್ಕೊಂಡು.

ನಗ್ತಿದ್ದೀರಿ. ಕೆಲವರು ನಗ್ತಿಲ್ಲ, ಅದೂ ಕಾಣ್ತಿದೆ.

ನನ್ನನ್ನ ಹಳಬರು ಬಲ್ಲರು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ತಂಡ ಬೆಂಗಳೂರಿಗೆ ಬಂದಾಗ ಅರಮನೆ ಮೈದಾನದ ಹೊರಗೆ ಕರಪತ್ರ ಹಂಚಿದವನು ನಾನು. ಕಪ್ಪು ಟೀ ಶರ್ಟ್ ಹಾಕಿದ ಹುಡುಗರು ಸಾಲುಗಟ್ಟಿ ಒಳಗೆ ಹೋಗ್ತಿದ್ದರು. ‘ಸೈತಾನನ ಸಂಗೀತ’ ಅಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆವು. ಒಬ್ಬ ಹುಡುಗ ತಗೊಂಡು ಓದಿ, ‘ಅಂಕಲ್, ನೀವು ಒಂದು ಹಾಡಾದ್ರೂ ಕೇಳಿದ್ದೀರಾ?’ ಅಂದ. ನಾನು ‘ಕೇಳೋ ಅಗತ್ಯ ಇಲ್ಲ’ ಅಂದೆ. 2011ರಲ್ಲಿ ಅದೇ ಮೈದಾನಕ್ಕೆ ಮೆಟಾಲಿಕಾ ಬಂದಾಗಲೂ ನನ್ನ ಉತ್ತರ ಅದೇ. ಈ ಊರಲ್ಲಿ 1990ರ ದಶಕದ ಶುರುವಲ್ಲೇ ಡೈಯಿಂಗ್ ಎಂಬ್ರೇಸ್ ಅನ್ನೋ ತಂಡ ಸಾವು, ಕತ್ತಲೆ ಅಂತ ಭಾರವಾದ ಸಂಗೀತ ಮಾಡ್ತಿತ್ತಂತೆ. ನನಗೆ ಇದೆಲ್ಲ ಗೊತ್ತಾದದ್ದು ಈಗ, ನನ್ನ ಅಕ್ಕನ ಮಗನಿಂದ.

ಅವನ ವಿಷಯ ಅವನನ್ನ ಕೇಳಿಯೇ ಹೇಳ್ತಿದ್ದೀನಿ. ಹೆಸರು ಬೇಡ ಅಂದಿದ್ದಾನೆ.

ನಮ್ಮ ಭಾವ, ಅಂದ್ರೆ ಅವನ ಅಪ್ಪ, ಕಳೆದ ವರ್ಷ ಮಳೆಗಾಲದಲ್ಲಿ ಹೊಲದಲ್ಲೇ ಬಿದ್ದರು. ತಲೆಯೊಳಗೆ ರಕ್ತಸ್ರಾವ. ದೂರದ ಊರಿನ ದೊಡ್ಡ ಆಸ್ಪತ್ರೆಗೆ ಹಾಕಿದರು. 11 ದಿನ ವೆಂಟಿಲೇಟರ್ ಮೇಲೆ ಇದ್ದರು. ನೀವೆಲ್ಲ ಪ್ರಾರ್ಥಿಸಿದ್ದೀರಿ, ಸರಪಳಿ ಪ್ರಾರ್ಥನೆಗೆ ಹೆಸರು ಕೊಟ್ಟಿದ್ದೀರಿ, ನೆನಪಿದೆ. ಏಳನೇ ದಿನ ನಾನು ಫೋನ್ ಮಾಡಿ ಅಕ್ಕನಿಗೆ ಹೇಳಿದೆ: ‘ಅಕ್ಕಾ, ಕರ್ತನು ನನಗೆ ಮಾತು ಕೊಟ್ಟಿದ್ದಾನೆ. ಭಾವ ಎದ್ದು ನಡೀತಾರೆ.’

ಹತ್ತನೇ ದಿನ ಡಾಕ್ಟರು ಮನೆಯವರನ್ನ ಕೂರಿಸಿ ಎಲ್ಲ ವಿವರಿಸಿದರು. ಮೆದುಳು ಕೆಲಸ ಮಾಡ್ತಿಲ್ಲ, ಯಂತ್ರ ಉಸಿರಾಡಿಸ್ತಿದೆ, ಅಷ್ಟೇ. ಮುಂದೇನು ಅಂತ ನೀವು ತೀರ್ಮಾನ ಮಾಡಿ ಅಂದರು. ಅಕ್ಕನ ಕೈ ನಡುಗ್ತಿತ್ತು. ಹುಡುಗನಿಗೆ 20 ವರ್ಷ. ಅವನು ನನಗೆ ಫೋನ್ ಮಾಡಿದ. ನಾನು ಏನಂದೆ ಗೊತ್ತಾ? ‘ಸಹಿ ಹಾಕಿದರೆ ಅದು ಅವಿಶ್ವಾಸ’ ಅಂದೆ.

ಅವನು ಸಹಿ ಹಾಕಿದ. ಆಂಬುಲೆನ್ಸ್ ಊರು ಮುಟ್ಟುವ ಮೊದಲೇ ಭಾವ ಹೋದರು.

ಮಣ್ಣಿಗೆ ಹೋಗಿದ್ದೆ, ಪ್ರಾರ್ಥನೆ ಮಾಡಿದೆ, ಪುನರುತ್ಥಾನದ ನಿರೀಕ್ಷೆ ಬಗ್ಗೆ ಮಾತಾಡಿದೆ, ಬಸ್ ಹತ್ತಿ ವಾಪಸ್ ಬಂದೆ. ಸಹಿಯ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಒಂದು ವಿಷಯ ನಡುವೆ ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮ ಮನೆಗಳಲ್ಲೂ ಈ ದಿನ ಬರುತ್ತೆ. ವಾಸಿಯಾಗುವ ಆಸೆಯೇ ಇಲ್ಲದವರನ್ನ ಯಂತ್ರದ ಮೇಲೆ ಇಟ್ಟೇ ಇರಬೇಕು ಅನ್ನೋ ಕಾನೂನು ನಮ್ಮ ದೇಶದಲ್ಲಿ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನ ಒಪ್ಪಿ ಅದಕ್ಕೆ ಕ್ರಮ ಹೇಳಿತು. 2025ರ ಜನವರಿ ಕೊನೆಯಲ್ಲಿ ನಮ್ಮ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನ ಜಾರಿ ಮಾಡಲು ಸುತ್ತೋಲೆ ಹೊರಡಿಸಿತು. ಕೊಲ್ಲೋದು ಬೇರೆ, ಸಾಯುವವನನ್ನ ಸಾಯಲು ಬಿಡೋದು ಬೇರೆ. ಇಷ್ಟನ್ನಾದರೂ ತಿಳ್ಕೊಂಡು ನಾನು ಫೋನ್ ಎತ್ತಬೇಕಿತ್ತು.

ಮೂರು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. ‘ಹುಡುಗ ಕಾಲೇಜಿಗೆ ಹೋಗವಲ್ಲ. ಮಾತಾಡವಲ್ಲ. ಹಗಲೂ ರಾತ್ರಿ ಕಿವ್ಯಾಗ ಅದೇನೋ ದೆವ್ವ ಒದರಿದಂಗ ಒದರಿಸ್ಕೊಂಡು ಕುಂದರ್ತಾನ. ನೀ ಬಂದು ಪ್ರಾರ್ಥನಾ ಮಾಡು.’ ನನಗೆ ಕೆಲಸ ಸುಲಭ ಅನಿಸ್ತು. ಎಣ್ಣೆ ಸೀಸೆ ಬ್ಯಾಗಿಗೆ ಹಾಕ್ಕೊಂಡು ರಾತ್ರಿ ಬಸ್ ಹತ್ತಿದೆ. ಫೋನಿಂದ ಅದನ್ನೆಲ್ಲ ಡಿಲೀಟ್ ಮಾಡಿಸೋದು, ತಲೆ ಮೇಲೆ ಕೈ ಇಡೋದು, ಭಾನುವಾರದೊಳಗೆ ವಾಪಸ್ ಬರೋದು.

ಹಿರೇಕೆರೂರಿನಲ್ಲಿ ಆಗ ಗೋವಿನಜೋಳದ ಸುಗ್ಗಿ. ಮನೆ ಮುಂದೆಲ್ಲ ಹಳದಿ ರಾಶಿ, ಕಾಳು ಬಿಡಿಸೋ ಮಷಿನ್ನಿನ ಸದ್ದು, ಧೂಳು. ನಾವು ಸರ್ವಜ್ಞನ ಸೀಮೆಯವರು, ಅಬಲೂರು ನಮ್ಮ ತಾಲ್ಲೂಕಲ್ಲೇ ಇರೋದು. ಎಲ್ಲದಕ್ಕೂ ನಮ್ಮಲ್ಲಿ ಒಂದು ಮಾತು ಇದ್ದೇ ಇರುತ್ತೆ. ಆದರೆ ಅಕ್ಕನ ಮನೆಯೊಳಗೆ ಯಾರೂ ಮಾತಾಡ್ತಿರಲಿಲ್ಲ. ಭಾವನ ಚಪ್ಪಲಿ ಬಾಗಿಲ ಹತ್ತಿರ ಹಾಗೇ ಇತ್ತು.

ಸಂಜೆ ಹುಡುಗ ದುರ್ಗಾದೇವಿ ಕೆರೆ ಕಡೆ ಹೊರಟ. ನಾನೂ ಹಿಂದೆ ಹೋದೆ. ದಂಡೆ ಮೇಲೆ ಕೂತ. ನಾನೂ ಕೂತೆ.

‘ಏನ್ ಕೇಳಾಕತ್ತೀಯೋ ತಮ್ಮಾ?’

‘ಡೆತ್.’

‘ಏನು?’

‘ತಂಡದ ಹೆಸರ ಡೆತ್, ಮಾಮಾ. ಆಲ್ಬಮ್ಮಿನ ಹೆಸರು ಲೆಪ್ರಸಿ.’

ಸಾವು. ಕುಷ್ಠ. ಬ್ಯಾಗಿನಲ್ಲಿದ್ದ ಎಣ್ಣೆ ನೆನಪಾಯ್ತು ನನಗೆ.

ಬೈಯೋಕೆ ಬಾಯಿ ತೆರೆದೆ. ಅರಮನೆ ಮೈದಾನದ ಆ ಹುಡುಗನ ಪ್ರಶ್ನೆ ಎಲ್ಲಿತ್ತೋ, ಆ ಕ್ಷಣಕ್ಕೆ ಬಂತು. ಒಂದು ಹಾಡಾದ್ರೂ ಕೇಳಿದ್ದೀರಾ? ಇದು ಪವಿತ್ರಾತ್ಮನ ಕೆಲಸ ಅಂತ ಈಗ ನಂಬ್ತೀನಿ, ಆಗ ಹಾಗೆ ಅನಿಸಲಿಲ್ಲ. ‘ನನಗೂ ಒಂದು ಕೊಡು’ ಅಂದೆ. ಅವನು ನನ್ನ ಮುಖ ನೋಡಿದ. ಇಯರ್‌ಫೋನಿನ ಒಂದು ಎಳೆ ಕೊಟ್ಟ. ‘ಪೂರ್ತಿ ಕೇಳಬೇಕು ಮಾಮಾ. ನಡುವ ತಗೀಬಾರದು.’

ಎಂಟು ಹಾಡು. 40 ನಿಮಿಷಕ್ಕೆ ಸ್ವಲ್ಪ ಕಡಿಮೆ.

ಮೊದಲ ಹಾಡಲ್ಲಿ ನನಗೆ ಏನೂ ತಿಳಿಯಲಿಲ್ಲ. ನಮ್ಮ ಕಾಳು ಬಿಡಿಸೋ ಮಷಿನ್ನಿಗೆ ತಾಳ ಕಲಿಸಿದ ಹಾಗೆ ಡ್ರಮ್. ಗಿಟಾರಿನ ತಂತಿಗಳನ್ನ ಸಡಿಲಿಸಿ ಶ್ರುತಿ ಕೆಳಗೆ ಇಳಿಸಿರ್ತಾರಂತೆ, ಅದಕ್ಕೇ ಆ ದಪ್ಪ ಸದ್ದು. ಹಾಡುವವನ ದನಿ ಗಂಟಲ ತಳದಿಂದ ಬರುತ್ತೆ. ಇದರಲ್ಲಿ ಜಾಸ್ತಿ ಚಮತ್ಕಾರ ಇಲ್ಲ, ಹೊಸ ಕಾಲದ ತಂಡಗಳ ಹಾಗೆ ತಾಳ ತಿರುಗಿಸಿ ಮುರುಗಿಸಿ ಹಾಕೋದಿಲ್ಲ, ನೇರವಾಗಿ ಹೊಡೀತಾರೆ, ಹಳೇ ಶೈಲಿ ಅಂದ ಹುಡುಗ. ಹಳೇ ಶೈಲಿ ಅಂದ್ರೆ 1988. ನಾನು ಅವನ ಮುಖ ನೋಡ್ತಿದ್ದೆ. ಮೂರು ತಿಂಗಳಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು ಅಂತ ಅಕ್ಕ ಆಮೇಲೆ ಹೇಳಿದಳು.

ಹಾಡು ಹಾಡಿನ ನಡುವೆ ಅವನು ಹೇಳ್ತಾ ಹೋದ. ಆ ತಂಡ ಕಟ್ಟಿದವನು ಚಕ್ ಶುಲ್ಡಿನರ್, ಅಮೆರಿಕದ ಫ್ಲೋರಿಡಾದಲ್ಲಿ ಬೆಳೆದವನು. ಅವನಿಗೆ 9 ವರ್ಷ ಆಗಿದ್ದಾಗ 16 ವರ್ಷದ ಅಣ್ಣ ಕಾರ್ ಅಪಘಾತದಲ್ಲಿ ತೀರಿಕೊಂಡ. ಮಗು ದುಃಖದಿಂದ ಹೊರಗೆ ಬರಲಿ ಅಂತ ಅಪ್ಪ ಅಮ್ಮ ಒಂದು ಗಿಟಾರ್ ಕೊಡಿಸಿದರು. ಹದಿಹರೆಯದಲ್ಲೇ ಅವನು ಕಟ್ಟಿದ ತಂಡಕ್ಕೆ ಕೊನೆಗೆ ಇಟ್ಟ ಹೆಸರು ಸಾವು. 1999ರಲ್ಲಿ ಅವನ ಮೆದುಳಲ್ಲೇ ಗಡ್ಡೆ ಕಾಣಿಸ್ತು. ಚಿಕಿತ್ಸೆಗೆ ದುಡ್ಡು ಸಾಲದೆ ಅಭಿಮಾನಿಗಳು, ಬೇರೆ ತಂಡದವರು ಸೇರಿ ಹಣ ಎತ್ತಿದರು. 2001ರ ಡಿಸೆಂಬರ್ 13ರಂದು ಹೋದ. 34 ವರ್ಷ.

ಪ್ರಿಯರೇ, ಎದುರಾಳಿ ಅಂತ ನಾನು ಇಟ್ಕೊಂಡಿದ್ದವನು ಅಣ್ಣನನ್ನ ಕಳ್ಕೊಂಡ 9 ವರ್ಷದ ಮಗು.

ಈಗ ಸತ್ಯವೇದಕ್ಕೆ ಬನ್ನಿ. ಯಾಜಕಕಾಂಡ 13ನೇ ಅಧ್ಯಾಯ, 45 ಮತ್ತು 46. ಕುಷ್ಠ ಇದ್ದವನು ಹರಿದ ಬಟ್ಟೆ ಹಾಕಬೇಕು, ತಲೆ ಕೆದರಿಕೊಂಡಿರಬೇಕು, ಬಾಯಿ ಮುಚ್ಚಿಕೊಂಡು ತಾನು ಅಶುದ್ಧ ಅಂತ ತಾನೇ ಕೂಗ್ತಾ ಹೋಗಬೇಕು, ಪಾಳೆಯದ ಹೊರಗೆ ಒಬ್ಬನೇ ಇರಬೇಕು. ಗಮನಿಸಿ, ಅವನಿಗೆ ದನಿ ಇದೆ. ಆದರೆ ಆ ದನಿಯ ಕೆಲಸ ಒಂದೇ, ಜನರನ್ನ ದೂರ ಓಡಿಸೋದು. ಆಲ್ಬಮ್ಮಿನ ಮೊದಲ ಹಾಡೂ ಅವನ ಬಗ್ಗೆಯೇ. ರೋಗ ಬಂದವನನ್ನ ಜನ ಬೇರೆ ಇಟ್ಟುಬಿಟ್ಟಿದ್ದಾರೆ, ಬದುಕಿರುವಾಗಲೇ ಅವನು ಕೊಳೀತಿದ್ದಾನೆ. ಮುಖಪುಟದಲ್ಲೂ ಅವನ ಮುಖವೇ. ಆ ಗಂಟಲ ದನಿಯನ್ನ ನಾವು ಕೇಳಿದ ತಕ್ಷಣ ಏನು ಮಾಡ್ತೀವಿ? ದೂರ ಓಡ್ತೀವಿ.

ಇದು ಹಳೇ ಕಥೆ ಅಂದ್ಕೋಬೇಡಿ. ನಿಮ್ಮಲ್ಲಿ ಅರ್ಧ ಜನ ದಿನಾ ರಿಂಗ್ ರೋಡಲ್ಲಿ ಸುಮನಹಳ್ಳಿ ದಾಟಿ ಕೆಲಸಕ್ಕೆ ಹೋಗ್ತೀರಿ. ನಿಮಗೆ ಸುಮನಹಳ್ಳಿ ಅಂದ್ರೆ ಫ್ಲೈಓವರ್, ಟ್ರಾಫಿಕ್. ಆ ಹೆಸರು ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದ್ದು. 1970ರ ದಶಕದಿಂದ ಅಲ್ಲಿದೆ. ಒಳಗೆ ಹೋಗಿದ್ದೀರಾ? ನಾನೂ ಹೋಗಿರಲಿಲ್ಲ. ಈ ರೋಗ ಒಂದು ಬ್ಯಾಕ್ಟೀರಿಯಾದಿಂದ ಬರುತ್ತೆ ಅಂತ 1873ರಲ್ಲೇ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದರು. 1980ರ ದಶಕದಿಂದ ಪೂರ್ತಿ ವಾಸಿ ಮಾಡೋ ಮಾತ್ರೆಗಳಿವೆ. ಆದರೂ ನಮ್ಮ ದೇಶದ ಕಾನೂನಲ್ಲಿ ಕುಷ್ಠ ಬಂದರೆ ಗಂಡ ಹೆಂಡತಿಯನ್ನೋ ಹೆಂಡತಿ ಗಂಡನನ್ನೋ ಬಿಡಬಹುದು ಅಂತ ಇತ್ತು, ಅದನ್ನ ತೆಗೆದದ್ದು 2019ರಲ್ಲಿ. ಮಾತ್ರೆ ಬಂದ ಎಷ್ಟೋ ವರ್ಷಗಳ ಮೇಲೆ.

ಇನ್ನೊಂದು. ಈ ರೋಗ ನರಗಳನ್ನ ಹಾಳು ಮಾಡುತ್ತೆ. ಚರ್ಮಕ್ಕೆ ಸ್ಪರ್ಶ ತಿಳಿಯಲ್ಲ. ಬಿಸಿ ಪಾತ್ರೆ ಹಿಡಿದರೂ ಗೊತ್ತಾಗಲ್ಲ. ಸತ್ಯವೇದದಲ್ಲಿ ಆ ಒಂದು ಪದದ ಕೆಳಗೆ ಬೇರೆ ಚರ್ಮರೋಗಗಳೂ ಸೇರುತ್ತವೆ ಅನ್ನೋದು ನಿಜ, ನಿಮ್ಮಲ್ಲಿ ಬೈಬಲ್ ಕಾಲೇಜಿಗೆ ಹೋಗೋರು ಆಮೇಲೆ ನನ್ನನ್ನ ತಿದ್ದಬೇಡಿ. ಆದರೆ ಯೋಚಿಸಿ. ವರ್ಷಗಟ್ಟಲೆ ಯಾರೂ ಮುಟ್ಟದ ಮನುಷ್ಯ. ಮುಟ್ಟಿದರೂ ತಿಳಿಯದ ಚರ್ಮ ಇದ್ದಿರಬಹುದು. ಯೇಸು ಒಂದು ಮಾತು ಆಡಿದರೆ ಸಾಕಿತ್ತು. ಶತಾಧಿಪತಿಯ ಆಳನ್ನ ದೂರದಿಂದಲೇ ವಾಸಿ ಮಾಡಿದವನಲ್ಲವೇ ಆತನು? ಇಲ್ಲಿ 41ನೇ ವಚನದ ಕ್ರಮ ನೋಡಿ. ಕನಿಕರಪಟ್ಟನು. ಕೈ ಚಾಚಿದನು. ಮುಟ್ಟಿದನು. ಆಮೇಲೆ ಮಾತು. ಕೈ ಮುಟ್ಟಿದಾಗ ಅವನು ಇನ್ನೂ ಕುಷ್ಠರೋಗಿಯೇ.

ನಾನು ಉಲ್ಟಾ ಮಾಡಿದ್ದೆ. ಬೆಂಗಳೂರಲ್ಲಿ ಕೂತು ಫೋನಲ್ಲಿ ಮಾತು ಕಳಿಸಿದೆ. ಕೈ ಕಳಿಸಲಿಲ್ಲ. 11 ದಿನದಲ್ಲಿ ಒಂದು ಸಲವೂ ಆ ಐಸಿಯು ಬಾಗಿಲಿಗೆ ನಾನು ಹೋಗಿರಲಿಲ್ಲ. ಇಲ್ಲಿ ಕನ್ವೆನ್ಷನ್ ಇತ್ತು ಅಂತ ಹೇಳ್ತಿದ್ದೆ. ಕನ್ವೆನ್ಷನ್ ಇದ್ದದ್ದು ಮೂರು ದಿನ.

ಮತ್ತೆ ಕೆರೆ ದಂಡೆಗೆ. ಕತ್ತಲಾಗ್ತಿತ್ತು. ಐದನೇ ಹಾಡು ಶುರುವಾಯ್ತು. ಹುಡುಗ ಮಾತು ನಿಲ್ಲಿಸಿಬಿಟ್ಟ. ‘ಇದರ ಹೆಸರೇನು?’ ಅಂದೆ. ‘ಪುಲ್ ದ ಪ್ಲಗ್’ ಅಂದ. ಯಂತ್ರದ ಮೇಲೆ ಮಲಗಿದವನೊಬ್ಬ, ನನ್ನನ್ನ ಇದರಿಂದ ಬಿಡಿಸಿ ಅಂತ ಒಳಗೊಳಗೇ ಬೇಡಿಕೊಳ್ಳೋ ಹಾಡು ಅದು. ಬಾಯಿಂದ ಹೇಳೋಕೆ ಆಗದವನ ಮಾತು.

ಹಾಡು ಮುಗಿಯೋವರೆಗೆ ಇಬ್ಬರೂ ನೀರು ನೋಡ್ತಾ ಕೂತಿದ್ದೆವು. ಆಮೇಲೆ ಅವನಂದ: ‘ಮಾಮಾ, ಅಪ್ಪಗ ಹಿಂಗ ಅನಿಸಿತ್ತೋ ಏನೋ. ನನಗ ಹಂಗ ಅನಿಸ್ತು, ಅದಕ್ಕ ಸಹಿ ಮಾಡಿದೆ. ನೀ ಅವಿಶ್ವಾಸ ಅಂದಿ. ನಾ ಸಹಿ ಮಾಡದಿದ್ರ ಅಪ್ಪ ಏಳ್ತಿದ್ದನೇನು? ಖರೇ ಹೇಳು.’

ಮೂರು ತಿಂಗಳು ಆ ಹುಡುಗ ಈ ಪ್ರಶ್ನೆ ಹೊತ್ಕೊಂಡು ಓಡಾಡಿದ್ದ. ಅಪ್ಪನನ್ನ ತಾನೇ ಕೊಂದೆ ಅಂತ. ಅದನ್ನ ಅವನ ಹೆಗಲಿಗೆ ಏರಿಸಿದ್ದು ಡೆತ್ ಮೆಟಲ್ ಅಲ್ಲ. ಅದು ನಾನು, ನಿಮ್ಮ ಪಾಸ್ಟರ್, ಕರ್ತನ ಹೆಸರು ಹೇಳಿ. ಆ ಮನೆಯಲ್ಲಿ ಯಾರೂ ಸಾವು ಅನ್ನೋ ಪದ ಬಾಯಲ್ಲಿ ಹೇಳದೆ ಇದ್ದಾಗ, ಅದನ್ನ ಬಿಟ್ಟು ಬೇರೆ ಏನೂ ಹೇಳದ ಒಂದು ತಂಡವನ್ನ ಅವನು ಹುಡುಕ್ಕೊಂಡ. ಅದು ಅವನಿಗೆ ಸುಳ್ಳು ಹೇಳಲಿಲ್ಲ.

ಅದೇ ತಂಡ 1990ರಲ್ಲಿ ಸ್ಪಿರಿಚುವಲ್ ಹೀಲಿಂಗ್ ಅಂತ ಇನ್ನೊಂದು ಆಲ್ಬಮ್ ಮಾಡಿದೆ. ದೇವರ ಹೆಸರಲ್ಲಿ ವಾಸಿ ಮಾಡ್ತೀನಿ ಅಂತ ನಂಬಿದವರನ್ನ ಸಾವಿಗೆ ದೂಡೋರ ಮೇಲೆ ಅದರ ಹೆಸರಿನ ಹಾಡು. ಹುಡುಗ ಫೋನಲ್ಲಿ ಅದರ ಮುಖಪುಟ ತೋರಿಸಿದ. ಕಾಯಿಲೆಯವನು, ಅವನನ್ನ ‘ವಾಸಿ’ ಮಾಡ್ತಿರೋ ಪ್ರಸಂಗಿ. ಹುಡುಗ ಏನೂ ಅನ್ನಲಿಲ್ಲ. ನಾನು ಕೋಟು ಹಾಕಿರಲಿಲ್ಲ ಅಷ್ಟೇ.

ಕೇಳಿ, ನಾನು ಸ್ವಸ್ಥತೆಯನ್ನ ನಂಬ್ತೀನಿ. ನನ್ನ ಅವ್ವನ ಮೇಲೆ ಕರ್ತನು ಮಾಡಿದ್ದನ್ನ ಕಣ್ಣಾರೆ ಕಂಡವನು ನಾನು, ಆ ಸಾಕ್ಷಿ ನಿಮಗೆ ಗೊತ್ತು. ಎಣ್ಣೆ ಹಚ್ಚಿ ಪ್ರಾರ್ಥಿಸೋದನ್ನ ಬಿಡಲ್ಲ. ಆದರೆ ಆತನು ಆಡದ ಮಾತನ್ನ ಆತನ ಬಾಯಲ್ಲಿ ಇಟ್ಟೆ. ನನಗೆ ಭಾವನ ಸಾವಿನ ಭಯ ಇತ್ತು. ಆ ಭಯಕ್ಕೆ ವಿಶ್ವಾಸ ಅಂತ ಹೆಸರಿಟ್ಟೆ.

ಆ ಆಲ್ಬಮ್ಮನ್ನೂ ನಾನು ಪೂರ್ತಿ ಒಪ್ಪಲ್ಲ. ನೀವೆಲ್ಲ ಮನೆಗೆ ಹೋಗಿ ಅದನ್ನ ಹಾಕಿ ಅಂತಲೂ ಹೇಳ್ತಿಲ್ಲ. ಅವರ ಮೊದಲ ಆಲ್ಬಮ್, 1987ರದ್ದು, ಹೆದರಿಸೋ ಸಿನಿಮಾದ ರಕ್ತ ಮಾಂಸವೇ ಜಾಸ್ತಿ. ಈ ಬಗೆಯ ಸಂಗೀತದಲ್ಲಿ ನಮ್ಮ ಕರ್ತನನ್ನ ಹೀಯಾಳಿಸೋ ತಂಡಗಳೂ ಬೇಕಾದಷ್ಟಿವೆ, ಅದನ್ನ ಮುಚ್ಚಿಡಲ್ಲ. ಲೆಪ್ರಸಿಯಲ್ಲಿ ನನಗೆ ಕೊರತೆ ಅನಿಸಿದ್ದು ಬೇರೆ. ಅದು ಕುಷ್ಠರೋಗಿಯನ್ನ ನೋಡುತ್ತೆ, ಕಣ್ಣು ಮಿಟುಕಿಸದೆ ನೋಡುತ್ತೆ, ನಾವು ನೋಡದಷ್ಟು ನೋಡುತ್ತೆ. ಆದರೆ 40 ನಿಮಿಷದಲ್ಲಿ ಅವನ ಹತ್ತಿರ ಯಾರೂ ಬರಲ್ಲ. ಎಲ್ಲೂ ಒಂದು ಕೈ ಇಲ್ಲ. ನಾವೋ, ಕೈ ಕೊಟ್ಟವನ ಹೆಸರು ಇಟ್ಕೊಂಡು, ನೋಡೋದನ್ನೇ ಬಿಟ್ಟಿದ್ದೀವಿ.

ಕೀರ್ತನೆ 88 ಓದಿದ್ದೀರಾ? ಆರಾಧನೆಯಲ್ಲಿ ಯಾರೂ ಹಾಡಲ್ಲ ಅದನ್ನ. ಉಳಿದ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಹೇಗಾದರೂ ಸ್ತೋತ್ರದ ಕಡೆ ತಿರುಗುತ್ತವೆ, ಇದು ತಿರುಗಲ್ಲ. ಕತ್ತಲೆಯಲ್ಲೇ ನಿಂತುಬಿಡುತ್ತೆ. ದೇವರು ಅದನ್ನ ತನ್ನ ಪುಸ್ತಕದಲ್ಲಿ ಇಟ್ಟಿದ್ದಾನೆ, ಕೊನೆಗೆ ಒಂದು ಹಲ್ಲೆಲೂಯ ಸೇರಿಸಿ ಸರಿ ಮಾಡಿಲ್ಲ. ಯೋಬನು 3ನೇ ಅಧ್ಯಾಯದಲ್ಲಿ ಹುಟ್ಟಿದ ದಿನಕ್ಕೇ ಶಾಪ ಹಾಕ್ತಾನೆ. ಅವನ ಸ್ನೇಹಿತರು ಮೊದಲ ಏಳು ದಿನ ಸುಮ್ಮನೆ ನೆಲದ ಮೇಲೆ ಕೂತಿದ್ದರಲ್ಲ, ಅಲ್ಲಿವರೆಗೆ ಅವರು ಒಳ್ಳೇ ಸ್ನೇಹಿತರೇ. ಬಾಯಿ ತೆರೆದ ಮೇಲೆ ಕೆಟ್ಟಿತು. ಯೋಹಾನ 11ರಲ್ಲಿ ಲಾಜರ ಸತ್ತು ನಾಲ್ಕು ದಿನ. ನಾತ ಬರುತ್ತೆ ಅಂತ ಮಾರ್ಥ ನೇರವಾಗಿ ಹೇಳ್ತಾಳೆ. ಎಬ್ಬಿಸುತ್ತೀನಿ ಅಂತ ಯೇಸುವಿಗೆ ಗೊತ್ತು. ಗೊತ್ತಿದ್ದೂ ಮೊದಲು ಅತ್ತನು. ನಮ್ಮಲ್ಲಿ ಯಾರಾದರೂ ಆಗಿದ್ದರೆ ‘ಅಳಬೇಡಿ ಸಿಸ್ಟರ್, ವಿಶ್ವಾಸ ಇಡಿ’ ಅಂತಿದ್ದೆವು.

ಹುಡುಗನ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ‘ಇಲ್ಲ ತಮ್ಮಾ. ಏಳ್ತಿರಲಿಲ್ಲ. ನೀ ಮಾಡಿದ್ದು ಸರಿ. ನಾ ಹೇಳಿದ್ದು ಕರ್ತನ ಮಾತಲ್ಲ, ನನ್ನ ಮಾತು. ನನ್ನ ಕ್ಷಮಿಸು.’ ಅವನ ಹೆಗಲ ಮೇಲೆ ಕೈ ಇಟ್ಟೆ. ಅಭಿಷೇಕದ ಕೈ ಅಲ್ಲ, ಬರೀ ಮಾವನ ಕೈ. ಅವನು ಅಳಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: ‘ಇನ್ನ ಮೂರು ಹಾಡು ಅದಾವ ಮಾಮಾ.’

ಕೇಳಿದೆವು. ಮೂರನ್ನೂ ಕೇಳಿದೆವು. ಒಂದರ ಹೆಸರು ಓಪನ್ ಕ್ಯಾಸ್ಕೆಟ್, ತೆರೆದಿಟ್ಟ ಶವಪೆಟ್ಟಿಗೆ. ಆ ಹಾಡಿನಲ್ಲಿ ನನಗೆ ಭಾವನ ಮುಖ ನೆನಪಾಯ್ತು. ಮಣ್ಣಿನ ದಿನ ನಾನು ಆ ಮುಖವನ್ನ ಸರಿಯಾಗಿ ನೋಡಿರಲಿಲ್ಲ. ಪುಸ್ತಕ ನೋಡ್ತಿದ್ದೆ. ಅಳು ಬಂದದ್ದು ನನಗೆ.

ಕತ್ತಲಲ್ಲಿ ಮನೆಗೆ ಬಂದಾಗ ಅಕ್ಕ ರೊಟ್ಟಿ ಬಡೀತಿದ್ದಳು. ‘ಪ್ರಾರ್ಥನಾ ಆತೇನು?’ ಅಂದಳು. ‘ಆತು ಅಕ್ಕ’ ಅಂದೆ. ಹುಡುಗ ಇನ್ನೂ ಸಭೆಗೆ ಬರ್ತಿಲ್ಲ. ಕಾಲೇಜಿಗೆ ಹೋಗ್ತಿದ್ದಾನೆ. ಕೆಲವು ಸಲ ರಾತ್ರಿ ಹಾಡಿನ ಲಿಂಕ್ ಕಳಿಸ್ತಾನೆ, ನಾನು ಪೂರ್ತಿ ಕೇಳಿ ಉತ್ತರ ಬರೀತೀನಿ. ಹೋದ ವಾರ ಅವನೇ ಕೇಳಿದ, ‘ಮಾಮಾ, ಆ 88ನೇ ಕೀರ್ತನೆ ಯಾವ ಪುಟದಾಗ ಐತಿ?’

ಎದ್ದು ನಿಲ್ಲೋಣ. ಕೀಬೋರ್ಡ್ ಬೇಡ ತಮ್ಮಾ, ಇವತ್ತು ನುಡಿಸಬೇಡ. ಸದ್ದಿಲ್ಲದೆ ಇರಲಿ. ಈ ಸಭೆಯಲ್ಲಿ ಯಾರಿಗಾದರೂ ನಾನು ‘ಕರ್ತನು ಹೇಳಿದ್ದಾನೆ’ ಅಂತ ಹೇಳಿ, ಅದು ಆಗದೆ, ನಿಮ್ಮ ವಿಶ್ವಾಸ ಕಡಿಮೆ ಇತ್ತೇನೋ ಅಂತ ನೀವು ಹೊತ್ಕೊಂಡು ಓಡಾಡ್ತಿದ್ದರೆ, ಮುಂದೆ ಬನ್ನಿ. ಮೈಕ್ ಕೊಡಲ್ಲ, ತಲೆ ಮೇಲೆ ಕೈ ಇಟ್ಟು ಕೂಗಲ್ಲ. ಇಲ್ಲಿ ಮೆಟ್ಟಿಲ ಮೇಲೆ ಕೂತಿರ್ತೀನಿ. ನೀವು ಹೇಳಿ, ನಾನು ಕೇಳ್ತೀನಿ. ಊಟ ತಣ್ಣಗಾದರೆ ಆಗಲಿ.